ಹೆಂಡತಿ ಮನೆಗೊಂದು ವೀಸಾ

ಕೆಲವರ ಮನೆಯಲ್ಲಿ ಕೆಲಸಗಳು ಸುಮ್ಮನೆ ಆಗಿಬಿಡುತ್ತವೆ. ನಮ್ಮ ಮನೆಯಲ್ಲಿ ಯಾವ ಕೆಲಸ ಕೈಗೆತ್ತಿಕೊಂಡರೂ ಮೊದಲು ಹತ್ತು ಮಂದಿ ಕೂಡುತ್ತಾರೆ, ಆಮೇಲೆ ಚಹಾ ಆಗುತ್ತದೆ, ಆಮೇಲೆ ಒಂದು ಎಡವಟ್ಟಾಗುತ್ತದೆ, ಕೆಲಸ ಎಲ್ಲಕ್ಕಿಂತ ಕೊನೆಗೆ. ನಾನು ಜರ್ಮನಿಯ ವೀಸಾ ಮಾಡಿಸಲು ಹೊರಟ ಮೇಲಂತೂ ಎಡವಟ್ಟಿಗೆ ಬಿಡುವೇ ಸಿಗಲಿಲ್ಲ.

ಇಳಕಲ್ಲಿನಲ್ಲಿ ನನ್ನದೊಂದು ಔಷಧಿ ಅಂಗಡಿ. ಹೆಂಡತಿ ಬಾದಾಮಿಯವಳು, ಬಾಗಲಕೋಟೆಯ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದಳು. ನಾನು ಹುಡುಗಿ ನೋಡಲು ಹೋಗುವ ಹೊತ್ತಿಗೇ ಆಕೆ ಜರ್ಮನ್ ಕಲಿತು, ಅಲ್ಲಿಯ ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕಿ ಕೂತಿದ್ದಳು. ಅವಲಕ್ಕಿ ತಟ್ಟೆ ಕೊಡುವಾಗಲೇ ಅದನ್ನು ಹೇಳಿದಳು. ನೀ ಮುಂದ ನಡಿ, ನಾ ಹಿಂದ ಬರ್ತೇನಿ ಅಂದೆ. ಹುಡುಗಿ ನೋಡಲು ಹೋದವರು ಏನೇನೋ ಅನ್ನುತ್ತಾರೆ, ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಈಕೆ ಇಟ್ಟಳು. ಮದುವೆಯಾಗಿ ನಾಲ್ಕು ತಿಂಗಳಿಗೆ ಖರೇನೇ ಮುಂದೆ ನಡೆದಳು.

ಆಕೆ ಹೋದ ಮೇಲೆ ನನಗೆ ಅಂಗಡಿಯಲ್ಲಿ ಕೂತರೂ ಕೂತಂತೆ ಅನ್ನಿಸುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಹೆಂಡತಿ ಇಷ್ಟು ರೂಢಿಯಾಗುತ್ತಾಳೆ ಎಂದು ಯಾರೂ ಹೇಳಿರಲಿಲ್ಲ. ಹೋಗಲೇಬೇಕು ಎಂದು ತೀರ್ಮಾನಿಸಿದೆ. ಗಿರಾಕಿಗಳಿಗೆ ಇದು ಅರಗಲಿಲ್ಲ. ಪ್ರತಿ ತಿಂಗಳು ಬಿ.ಪಿ. ಗುಳಿಗೆ ಒಯ್ಯುವ ಹಿರಿಯರೊಬ್ಬರು, ಹೆಂಡತಿಯನ್ನು ಕರೆದುಕೊಂಡು ಬರಲು ಹೋಗುತ್ತೀಯೇನು ಅಂತ ಕೇಳಿದರು. ಇಲ್ಲ, ಅಲ್ಲೇ ಇರಲು ಹೋಗುತ್ತೇನೆ ಅಂದೆ. ಹಾಗಾದರೆ ಈ ತಿಂಗಳು ಗುಳಿಗೆ ಎರಡು ಪಟ್ಟಿ ಕೊಡು ಅಂದರು.

ಸಾಕ್ಷಿ

ಇದು ಆಕೆ ಹೋಗುವುದಕ್ಕೆ ಮೊದಲಿನ ಮಾತು. ಮುಂದೆ ನನ್ನ ವೀಸಾಕ್ಕೆ ಮದುವೆಯ ನೋಂದಣಿ ಪತ್ರ ಬೇಕಾಗುತ್ತದೆ, ಈಗಲೇ ಮಾಡಿಸೋಣ ಅಂದಿದ್ದಳು. ನಮ್ಮ ಮದುವೆ ಬಾದಾಮಿ ಹತ್ತಿರದ ಮಹಾಕೂಟದ ಗುಡಿಯಲ್ಲಿ ಊರೆಲ್ಲ ಕೂಡಿ ಆಗಿತ್ತು, ಆದರೆ ನೋಂದಣಿ ಆಗಿರಲಿಲ್ಲ. ಹುನಗುಂದದ ಕಚೇರಿಗೆ ಹೋಗಬೇಕು, ಮೂರು ಮಂದಿ ಸಾಕ್ಷಿ ಸಾಕು. ನಾನು ಮೂವರಿಗೆ ಹೇಳಿದೆ. ನಮ್ಮಲ್ಲಿ ಮದುವೆಯ ವಿಷಯಕ್ಕೆ ಮೂವರೇ ಹೋಗುವ ಪದ್ಧತಿ ಇಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಲ್ಲಿ ಒಂದು ಟಂಟಂ ಗಾಡಿ ತುಂಬ ಬಂಧುಗಳು, ಹೆಂಗಸರ ಮೈಮೇಲೆ ರೇಷ್ಮೆ ಸೀರೆ.

ಕಚೇರಿಯಲ್ಲಿ ಮೊದಲು ನಮ್ಮ ದೊಡ್ಡಪ್ಪ ಸಹಿ ಮಾಡಬೇಕಿತ್ತು. ದಿನಾ ಹಣೆ ತುಂಬ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸದೆ ನೀರನ್ನೂ ಮುಟ್ಟದ ಮನುಷ್ಯ. ಗುಮಾಸ್ತರು ಕಾಗದ ಮುಂದಿಟ್ಟು, ಈ ಮದುವೆ ನನ್ನ ಕಣ್ಣಮುಂದೆ ಆಗಿದೆ ಎಂದು ಬರೆದ ಕಡೆ ಬೆರಳಿಟ್ಟರು. ದೊಡ್ಡಪ್ಪ ಪೆನ್ನು ಕೆಳಗಿಟ್ಟ.

“ನನ್ನ ಕಣ್ಣಮುಂದ ಆಗಿಲ್ರಿ,” ಅಂದ. “ತಾಳಿ ಕಟ್ಟು ಹೊತ್ತಿನ್ಯಾಗ ನಾ ಹುಗ್ಗಿ ಕಡಾಯಿ ಹಂತ್ಯಾಕ ಬಡಿಗಿ ಹಿಡಕೊಂಡು ನಿಂತಿದ್ದೆ. ಮಂಗ್ಯಾಗೋಳು ಭಾಳ ಬಂದಿದ್ದುವು. ನೋಡದಿದ್ದದ್ದು ನೋಡೀನಿ ಅಂತ ಹೆಂಗ ಸಹಿ ಮಾಡ್ಲಿ?”

ಮಹಾಕೂಟದ ಮಂಗಗಳನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು. ಹಾಗಾದರೆ ಬೇರೆಯವರು ಮಾಡಲಿ ಅಂದರು ಗುಮಾಸ್ತರು. ದೊಡ್ಡಪ್ಪನ ಮಾತು ಕೇಳಿದ ಮೇಲೆ ಎಲ್ಲರಿಗೂ ಮನಸ್ಸಾಕ್ಷಿ ಎದ್ದಿತ್ತು. ಸೋದರಮಾವ ಆ ಹೊತ್ತಿಗೆ ಬೀಗರ ಬಸ್ಸು ತಿರುಗಿಸುವ ಕಡೆ ಇದ್ದನಂತೆ. ಚಿಕ್ಕಪ್ಪ ವಾಲಗದವರಿಗೆ ಸನ್ನೆ ಮಾಡಲು ಅತ್ತ ಮುಖ ಮಾಡಿದ್ದನಂತೆ. ಸೋದರತ್ತೆ ಮಾತ್ರ ಎದುರಿಗೇ ಇದ್ದಳು, ಆದರೆ ಭಕ್ತಿಯಿಂದ ಕಣ್ಣು ಮುಚ್ಚಿದ್ದಳು. ಊರೆಲ್ಲ ಕೂಡಿ ಮಾಡಿದ ಮದುವೆಯಲ್ಲಿ ತಾಳಿ ಕಟ್ಟಿದ್ದನ್ನು ಕಂಡವರೇ ಇಲ್ಲ ಎಂದು ಹುನಗುಂದದಲ್ಲಿ ಗೊತ್ತಾಯಿತು.

ದೊಡ್ಡಪ್ಪನೇ ದಾರಿ ಹುಡುಕಿದ. ಹುಡುಗ ಇಲ್ಲೇ ಇದ್ದಾನೆ, ಹುಡುಗಿ ಇಲ್ಲೇ ಇದ್ದಾಳೆ, ಈಗ ಕಟ್ಟಲಿ, ನೋಡಿ ಸಹಿ ಮಾಡುತ್ತೇನೆ ಅಂದ. ಹೆಂಡತಿ ನಗು ತಡೆಯಲಾರದೆ ತಾಳಿಯನ್ನು ಸೆರಗಿನಿಂದ ಹೊರಗೆ ತೆಗೆದಳು. ನಾನು ಅದನ್ನು ಕಟ್ಟಿದಂತೆ ಹಿಡಿದೆ. ಸೋದರತ್ತೆ ಈ ಸಲ ಕಣ್ಣು ಬಿಟ್ಟುಕೊಂಡೇ ನೋಡಿದಳು, ಯಾರ ಗಂಟಿನಿಂದಲೋ ಅಕ್ಷತೆಯೂ ಹೊರಬಿತ್ತು, ಮೇಜಿನ ಮೇಲೆಲ್ಲ ಅಕ್ಕಿ. ಮೂವರೂ ಸಂತೋಷದಿಂದ ಸಹಿ ಮಾಡಿದರು.

ಗುಮಾಸ್ತರು ಕಂಪ್ಯೂಟರಿನ ಕೀಲಿಗಳ ಸಂದಿಯಿಂದ ಒಂದೊಂದೇ ಕಾಳು ತೆಗೆಯುತ್ತ ನನ್ನ ಕಡೆ ನೋಡಿದರು. “ಮದವಿ ತಾರೀಖು ಯಾವುದು ಹಾಕ್ಲಿ ಹೇಳ್ರಿ. ಅವತ್ತಿಂದೋ, ಇವತ್ತಿಂದೋ?”

ಬೇಡ ಅನ್ನುವ ಪಾಠ

ವೀಸಾದವರಿಗೆ ಬೇಕೋ ಬೇಡವೋ, ನಾನು ಜರ್ಮನ್ ಕಲಿಯುವುದು ಹೆಂಡತಿಗೆ ಬೇಕಿತ್ತು. ಅಲ್ಲಿಗೆ ಬಂದು ಮೂಕನಂತೆ ಕೂತರೆ ಆಸ್ಪತ್ರೆಯ ರೋಗಿಗಳ ಜೊತೆಗೆ ನನ್ನನ್ನೂ ತಾನೇ ನೋಡಿಕೊಳ್ಳಬೇಕಾಗುತ್ತದೆ ಅಂದಳು. ಧಾರವಾಡದ ಒಬ್ಬ ಮೇಡಂ ಫೋನಿನಲ್ಲೇ ಪಾಠ ಹೇಳುತ್ತಿದ್ದರು. ಅಂಗಡಿಯಲ್ಲಿ ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ ನಾನು ಕಲಿಯುತ್ತಿದ್ದೆ.

ಒಂದು ದಿನ ಅತಿಥಿಯ ಪಾಠ. ಅವರು ಮನೆಯವರು, ನಾನು ಬಂದ ಅತಿಥಿ. ಕಾಫಿ ತೆಗೆದುಕೊಳ್ಳುತ್ತೀರಾ ಎಂದು ಅವರು ಜರ್ಮನ್‌ನಲ್ಲಿ ಕೇಳಿದರು. ಬೇಡ ಎಂದು ನಾನೂ ಜರ್ಮನ್‌ನಲ್ಲೇ ಅಂದೆ. ಅವರು ಹವಾಮಾನದ ಮಾತಿಗೆ ಹೋಗಿಬಿಟ್ಟರು. ನಾನು ಕಾದೆ. ಕಾಫಿ ಮತ್ತೆ ಬರಲಿಲ್ಲ. ಯಾಕೆ ಇನ್ನೊಮ್ಮೆ ಕೇಳಲಿಲ್ಲ ಅಂದರೆ, ನೀವೇ ಬೇಡ ಅಂದಿರಲ್ಲ ಅಂದರು. ನಮ್ಮ ಕಡೆ ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಮನೆಯವರ ಪ್ರೀತಿ ಎಷ್ಟಿದೆ ನೋಡಲು. ಮೂರನೆಯ ಸಲ ಅವರು ಕೇಳದೆ ಕಪ್ಪು ತಂದು ಮುಂದಿಡುತ್ತಾರೆ, ಆಗ ಯಾಕೆ ತ್ರಾಸು ತಗೊಂಡಿರಿ ಎನ್ನುತ್ತ ಎರಡು ಕಪ್ಪು ಕುಡಿಯುತ್ತೇವೆ. ಧಾರವಾಡದವರಿಗೆ ಇದನ್ನು ನಾನು ಹೇಳಿಕೊಡಬೇಕಿರಲಿಲ್ಲ. ಗೊತ್ತಿದೆ, ಆದರೆ ಅಲ್ಲಿ ಒಮ್ಮೆ ಬೇಡ ಅಂದರೆ ಮುಗಿಯಿತು ಅಂದರು ಮೇಡಂ.

ಸಂಜೆ ಫೋನಿನಲ್ಲಿ ಹೆಂಡತಿಗೆ ಇದನ್ನು ನಗೆಮಾತು ಎಂದು ಹೇಳಿದೆ. ನಕ್ಕಳು, ಆಮೇಲೆ ತನ್ನ ಕಥೆ ತೆಗೆದಳು. ಹೋದ ಹೊಸತರಲ್ಲಿ ಆಸ್ಪತ್ರೆಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಬಂತಂತೆ. ಬೇಕಾ ಅಂದರು, ಈಕೆ ಮರ್ಯಾದೆಗೆ ಬೇಡ ಅಂದಳು, ತಟ್ಟೆ ಮುಂದೆ ಹೋಯಿತು. ಚಳಿಯಲ್ಲಿ ಬಸ್ಸಿಗೆ ಕಾಯುವಾಗ ಜೊತೆಯವಳೊಬ್ಬಳು ಕಾರು ನಿಲ್ಲಿಸಿ ಬಿಡಲೇನು ಅಂದಳು, ಈಕೆ ಬೇಡ ಅಂದಳು, ಕಾರು ಹೋಯಿತು.

“ಆ ವಾರ ಭಾಳ ಅತ್ತೀನ್ರಿ,” ಅಂದಳು. “ಕೇಕಿಗಲ್ಲ. ಯಾರೂ ಎರಡನೇ ಸಲ ಕೇಳಲಿಲ್ಲಲ್ಲ ಅಂತ.”

ಅಷ್ಟು ದಿನ ಆಕೆ ಹಾಯಾಗಿದ್ದಾಳೆ, ಒದ್ದಾಡುತ್ತಿರುವವನು ನಾನೊಬ್ಬನೇ ಎಂದುಕೊಂಡಿದ್ದೆ. ಪಕ್ಕದಲ್ಲಿ ಕಾಳು ಹಸನು ಮಾಡುತ್ತಿದ್ದ ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಮೊರ ಸರಿಸಿ, ಲಗೂನ ಆ ಕಾಗದ ಮುಗಿಸು, ಆಕಿಗೆ ಎರಡನೇ ಸಲ ಕೇಳಾಕ ಒಬ್ಬರರ ಬೇಕಲ್ಲ ಅಂದಳು. ಆಮೇಲೆ ಫೋನು ಕಸಿದುಕೊಂಡು, ಊಟ ಮಾಡ್ತಿಯೇನವ್ವ ಎಂದು ಕೇಳಿದಳು. ಈಕೆ ರೂಢಿಯಂತೆ ಬ್ಯಾಡ್ರಿ ಅತ್ತಿ ಅಂದಳು. ಅವ್ವ ಮತ್ತೆ ಕೇಳಿದಳು. ಈಕೆ ಮತ್ತೆ ಬೇಡ ಅಂದಳು. ಮೂರನೆಯ ಸಲಕ್ಕೆ ಒಪ್ಪಿದಳು. ಅವ್ವ ಫೋನು ನನ್ನ ಕೈಗೆ ಕೊಟ್ಟು ತಟ್ಟೆ ತರಲು ಒಳಗೆ ಹೋದಳು, ಅರ್ಧ ದಾರಿಯಲ್ಲಿ ಸೊಸೆ ಜರ್ಮನಿಯಲ್ಲಿರುವುದು ನೆನಪಾಗಿ ತಿರುಗಿ ಬಂದಳು.

ಇಬ್ಬರೇ ಇರುವ ಫೋಟೊ

ಬೆಂಗಳೂರಿನ ವೀಸಾ ಕಚೇರಿಗೆ ಹೋಗುವಾಗ ಗಂಡ ಹೆಂಡತಿ ಕೂಡಿ ಇರುವ ಒಂದೆರಡು ಫೋಟೊ ಒಯ್ಯಬೇಕಿತ್ತು. ಮನೆಯಲ್ಲಿ ನೂರಾರು ಫೋಟೊ ಇದ್ದವು. ಆದರೆ ನಾವಿಬ್ಬರೇ ಇರುವ ಒಂದೂ ಇರಲಿಲ್ಲ. ನಮ್ಮಲ್ಲಿ ಮದುಮಕ್ಕಳನ್ನು ಒಂಟಿ ಬಿಡುವುದಿಲ್ಲ. ಒಂದರಲ್ಲಿ ನಡುವೆ ಅಜ್ಜಿ, ಇನ್ನೊಂದರಲ್ಲಿ ನಡುವೆ ಸೋದರಮಾವ, ಮತ್ತೊಂದರಲ್ಲಿ ಯಾರು ಎಂದು ಇಂದಿಗೂ ಎರಡೂ ಕಡೆಯವರಿಗೆ ಗೊತ್ತಿಲ್ಲದ ಒಬ್ಬ ಮನುಷ್ಯ. ಮಧುಚಂದ್ರಕ್ಕೆ ಹೋಗುವ ಬದಲು ದೇವರಿಗೆ ಹೋದೆವು, ಅಲ್ಲೂ ಹನ್ನೆರಡು ಮಂದಿ ಜೊತೆಗೆ ಬಂದರು.

ಕೊನೆಗೆ ಮದುವೆಯ ಆಲ್ಬಮ್ಮಿನ ನಡುಪುಟಗಳು ನೆನಪಾದವು. ಅಲ್ಲಿ ನಾವಿಬ್ಬರೇ ಇದ್ದೆವು. ನಮ್ಮೂರ ಸ್ಟುಡಿಯೋದವನು ಜಾಣ. ಬಂಧುಗಳ ನಡುವಿನಿಂದ ನಮ್ಮಿಬ್ಬರನ್ನು ಕತ್ತರಿಸಿ ತೆಗೆದು, ಒಂದು ಪುಟದಲ್ಲಿ ಪ್ಯಾರಿಸ್ಸಿನ ಕಬ್ಬಿಣದ ಗೋಪುರದ ಮುಂದೆ, ಇನ್ನೊಂದರಲ್ಲಿ ಹಿಮದ ಬೆಟ್ಟದ ಮೇಲೆ ನಿಲ್ಲಿಸಿದ್ದ. ನಾನು ಬಾಸಿಂಗ ಕಟ್ಟಿಕೊಂಡು, ಆಕೆ ಇಳಕಲ್ ಸೀರೆ ಉಟ್ಟು, ಇಬ್ಬರೂ ಬರಿಗಾಲಲ್ಲಿ ಹಿಮದ ಮೇಲೆ. ಮುದ್ದಾದ ಫೋಟೊ. ಯುರೋಪಿನವರಿಗೆ ತಮ್ಮ ಊರು ಕಂಡರೆ ಸಂತೋಷವೂ ಆದೀತು ಎಂದು ಅದನ್ನೇ ಮೇಲೆ ಇಟ್ಟೆ.

ಕಿಟಕಿಯ ಆಚೆ ಕೂತ ಹೆಣ್ಣುಮಗಳು ಫೋಟೊ ನೋಡಿದಳು, ಅರ್ಜಿ ನೋಡಿದಳು. ಯುರೋಪಿಗೆ ಈ ಮೊದಲು ಹೋಗಿಲ್ಲ ಎಂದು ಬರೆದಿದ್ದೀರಲ್ಲ ಅಂದಳು. ಹೋಗಿಲ್ಲ ಅಂದೆ. ಮತ್ತೆ ಇದು ಎಲ್ಲಿ ಅಂದಳು. ಅದು ಇಳಕಲ್ರಿ ಮೇಡಂ ಅಂದೆ. ಇಳಕಲ್ಲಿನಲ್ಲಿ ಹಿಮ ಬೀಳುತ್ತದೆಯೇ ಎಂದು ಕೇಳಿದಳು. ಬೀಳುವುದಿಲ್ಲ, ಸ್ಟುಡಿಯೋದವರು ಹಾಕಿಕೊಡುತ್ತಾರೆ ಎಂದು ಬಿಡಿಸಿ ಹೇಳಿದೆ.

ಅವಳು ಎರಡೂ ಫೋಟೊಗಳನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. “ಹಿಮ ಅವರೇ ಹಾಕಿದ್ದಾರೆ, ಗೋಪುರ ಅವರೇ ಹಾಕಿದ್ದಾರೆ. ಹೆಂಡತಿಯನ್ನೂ ಅವರೇ ಹಾಕಿದ್ರಾ ಸರ್?”

ಎಲ್ಲರೂ ಇರುವ ಫೋಟೊ

ಅವಳು ನಕ್ಕಳೇನೋ ಹೌದು, ನನಗೆ ಮಾತ್ರ ನಗು ಬರಲಿಲ್ಲ. ಇಂಥ ಫೋಟೊ ಮೇಲಿನವರ ಕಡೆ ಹೋದರೆ ಮದುವೆಯೇ ಸುಳ್ಳು ಎಂದು ತಿಳಿದಾರು, ಬೇಗ ಬೇರೆ ತಂದುಕೊಡಿ ಅಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಇದೇ ಯೋಚನೆ. ಆಕೆ ಅಲ್ಲಿ ದಿನ ಎಣಿಸುತ್ತಿದ್ದಾಳೆ, ಇಲ್ಲಿ ನಾನು ಹಿಮದ ಮೇಲೆ ಬರಿಗಾಲಲ್ಲಿ ನಿಂತು ಕೆಲಸ ಕೆಡಿಸಿದೆ. ಆಕೆಗೆ ಫೋನಿನಲ್ಲಿ ಹೇಳಲೂ ಧೈರ್ಯವಾಗಲಿಲ್ಲ.

ಮನೆಯವರೆಲ್ಲ ಹಳೆಯ ಫೋಟೊಗಳ ಗಂಟು ಬಿಚ್ಚಿ ಕೂತರು. ಹುಡುಕುವುದಕ್ಕಿಂತ ಹೆಚ್ಚಾಗಿ ತಮ್ಮ ತಮ್ಮ ಮುಖ ನೋಡಿಕೊಂಡರು. ತಾನು ಇದರಲ್ಲಿ ತೆಳ್ಳಗೆ ಕಾಣುತ್ತೇನೆ, ಇದನ್ನೇ ಕಳಿಸು ಎಂದು ಸೋದರತ್ತೆ ಹಟ ಹಿಡಿದಳು. ಕೊನೆಗೆ ನನ್ನ ತಮ್ಮ ಒಂದನ್ನು ಎತ್ತಿ ನನ್ನ ಕೈಗಿತ್ತ. ದೇವಸ್ಥಾನದ ಹೊಂಡದ ಮೆಟ್ಟಿಲ ಮೇಲೆ ಎರಡೂ ಬಳಗ ಸಾಲಾಗಿ ನಿಂತಿದೆ. ಎಲ್ಲರೂ ಉಸಿರು ಬಿಗಿಹಿಡಿದು ಕ್ಯಾಮೆರಾ ನೋಡುತ್ತಿದ್ದಾರೆ. ನಾನು ಮತ್ತು ಆಕೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೇವೆ. ಆಕೆಯ ಬಾಯಿ ತುಸು ತೆರೆದಿದೆ, ಏನೋ ಹೇಳುತ್ತಿದ್ದಾಳೆ. ಅಷ್ಟು ಮಂದಿಯ ನಡುವೆ ನಾವಿಬ್ಬರೇ ಇದ್ದಂತೆ ಇತ್ತು. ನನಗೇ ನನ್ನ ಮದುವೆಯ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತು.

ಅದನ್ನು ಹಿಡಿದುಕೊಂಡು ಮತ್ತೆ ಬೆಂಗಳೂರಿಗೆ ಹೋದೆ. ಅದೇ ಕಿಟಕಿ, ಅದೇ ಹೆಣ್ಣುಮಗಳು. ಬಹಳ ಹೊತ್ತು ನೋಡಿದಳು. ಎಷ್ಟು ಚೆನ್ನಾಗಿದೆ, ಇಲ್ಲಿ ಅವರು ನಿಮಗೆ ಏನು ಹೇಳುತ್ತಿದ್ದಾರೆ ಎಂದು ಕೇಳಿದಳು. ಇಲ್ಲದ್ದನ್ನು ಹೇಳಿ ಮತ್ತೆ ಸಿಕ್ಕಿಬೀಳುವ ಧೈರ್ಯ ನನಗಿರಲಿಲ್ಲ. ನನ್ನ ಸೀರಿ ನಿರಗಿ ಮ್ಯಾಲ ನಿಂತೀರಿ, ಸರೀರಿ ಅತ್ಲಾಗ ಅನ್ನಾಕತ್ತಾಳ್ರಿ ಅಂದೆ.

ಅವಳು ಫೋಟೊವನ್ನು ಕಡತದೊಳಗೆ ಸೇರಿಸಿದಳು. “ಸಾಕು ಸರ್. ಇದು ಹೆಂಡತಿನೇ.”

ಬರಿ ಹಣೆ

ಆಮೇಲೆ ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಅವ್ವ ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತಳು. ಬಾದಾಮಿಯಿಂದ ನಮ್ಮ ಅತ್ತೆಯೂ ಅವನಿಗೇ ಹೊತ್ತಿದ್ದಳು. ಒಂದೇ ಕೆಲಸಕ್ಕೆ ಎರಡು ಕಡೆಯಿಂದ ಶಿಫಾರಸು ಹೋದದ್ದಕ್ಕೋ ಏನೋ, ಒಂದು ಮಧ್ಯಾಹ್ನ ಪಾಸ್‌ಪೋರ್ಟ್ ಬಂತು. ಅಂಗಡಿಗೆ ಬರಬೇಕಾದದ್ದು ಮನೆಗೆ ಬಂತು. ಒಳಗೆ ವೀಸಾ ಇದೆ ಎಂದು ತಮ್ಮ ಫೋನು ಮಾಡಿದ. ನಾನು ಶಟರ್ ಎಳೆದು ಓಡಿದೆ. ಒಬ್ಬ ಗಿರಾಕಿ ಕೆಮ್ಮಿನ ಔಷಧಿಗೆ ನನ್ನ ಹಿಂದೆಯೇ ಮನೆತನಕ ಬಂದ.

ಪಾಸ್‌ಪೋರ್ಟ್ ದೇವರ ಜಗಲಿಯ ಮೇಲಿತ್ತು, ಮುಂದೆ ಊದಿನಕಡ್ಡಿ. ಅವ್ವ ವೀಸಾದ ಪುಟ ತೆರೆದಿಟ್ಟು, ಅದರಲ್ಲಿದ್ದ ನನ್ನ ಸಣ್ಣ ಫೋಟೊದ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದಳು. ಅಷ್ಟು ಅಲೆದು ತಂದ ಚೀಟಿ ಪೂಜೆಯಲ್ಲಿ ಹೋಯಿತು ಎಂದು ಕೂಗಾಡಿದೆ. ಆಮೇಲೆ ಅಂಗಡಿಯಿಂದ ಅರಳೆ ತರಿಸಿ, ಹುಣ್ಣು ಒರೆಸುವಂತೆ ಮೆಲ್ಲಗೆ ಒರೆಸಿದೆ. ಪುಣ್ಯಕ್ಕೆ ವಿಭೂತಿ ಒಣಗಿತ್ತು, ಉದುರಿತು.

ಅವ್ವನಿಗೆ ನನ್ನ ಗಾಬರಿ ಅರ್ಥವಾಗಲಿಲ್ಲ. ಫೋಟೊ ತೆಗೆಯುವಾಗ ಹಣೆ ಬರಿದಾಗಿರಬೇಕು ಎಂದು ಸ್ಟುಡಿಯೋದವನು ಒರೆಸಿ ಕೂರಿಸಿದ್ದ ಎಂದು ಹೇಳಿದರೂ ಒಪ್ಪಲಿಲ್ಲ. ಬರಿ ಹಣಿ ಇಟ್ಕೊಂಡು ಹೋದ್ರ ಯಾರ ಮನ್ಯಾಗ ಒಳಗ ಬಿಟ್ಕೋತಾರ ಅಂದಳು.

ಉಡಿ

ಹೊರಡುವ ದಿನ ಹೆಂಗಸರಿಗೆ ದೊಡ್ಡ ತೊಡಕು ಬಂತು. ಗಂಡಸನ್ನು ಹೇಗೆ ಕಳಿಸಬೇಕು? ಪರೀಕ್ಷೆಗೋ ಕೆಲಸಕ್ಕೋ ಹೋಗುವವನಾದರೆ ಕೈಗೆ ಮೊಸರು ಸಕ್ಕರೆ ಹಾಕಿದರಾಯಿತು. ಇವನು ತನ್ನ ಮನೆ ಬಿಟ್ಟು, ಹೆಂಡತಿ ಇರುವ ಮನೆಗೆ ಬಾಳಲು ಹೋಗುತ್ತಿದ್ದಾನೆ. ಇದಕ್ಕೆ ಪದ್ಧತಿಯೇ ಇರಲಿಲ್ಲ. ಬಾದಾಮಿಯಿಂದ ಬಂದ ಅತ್ತೆ, ಅಳಿಯಂದಿರ ವಿಷಯದಲ್ಲಿ ತಾನು ಬಾಯಿ ಹಾಕಬಾರದು ಎಂದು ಕೂತಿದ್ದಳು. ಕೊನೆಗೆ ಎಲ್ಲರೂ ದೊಡ್ಡವ್ವನ ಕಡೆ ನೋಡಿದರು. ಶಾಸ್ತ್ರದ ಮಾತಿನಲ್ಲಿ ನಮ್ಮ ಓಣಿಗೆ ಆಕೆಯ ಮಾತೇ ಕೊನೆಯದು.

ದೊಡ್ಡವ್ವ ಬಹಳ ಯೋಚಿಸಲಿಲ್ಲ. ಗಂಡನ ಮನಿಗೆ ಹೋಗಾಕಿಗೆ ಉಡಿ ತುಂಬತೀವಿ, ಇಂವ ಹೇಂತಿ ಮನಿಗೆ ಹೊಂಟಾನ, ಇವಂಗೂ ತುಂಬ್ರಿ ಅಂದಳು.

ನಾನು ಬೇಡ ಬೇಡ ಅನ್ನುತ್ತಿರುವಂತೆಯೇ ಮಣೆಯ ಮೇಲೆ ಕೂರಿಸಿದರು. ಪ್ಯಾಂಟು ಹಾಕಿಕೊಂಡವನಿಗೆ ಉಡಿ ಎಲ್ಲಿಯದು? ಅಪ್ಪನ ಶಲ್ಯ ತಂದು ಸೊಂಟಕ್ಕೆ ಕಟ್ಟಿದರು. ಐದು ಮಂದಿ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ ಹಾಕಿದರು. ಅತ್ತೆ ಗುಳೇದಗುಡ್ಡದ ಕುಬಸದ ಖಣ ಇಟ್ಟಳು. ಓಣಿಯ ಗಂಡಸರು ಬಾಗಿಲಲ್ಲಿ ನಿಂತು ನಗುತ್ತಿದ್ದರು, ಫೋನಿನಲ್ಲಿ ಫೋಟೊ ಹೊಡೆಯುತ್ತಿದ್ದರು. ನನಗೂ ಮೊದಮೊದಲು ನಗುವೇ ಬಂತು. ಅವ್ವ ಕೊನೆಗೆ ಬಂದು ಒಂದು ಹಿಡಿ ಅಕ್ಕಿ ಹಾಕಿ ನನ್ನ ತಲೆ ನೇವರಿಸಿದಳು. ಆಗ ನಗು ನಿಂತಿತು. ಮದುವೆಯಲ್ಲಿ ಹೆಣ್ಣುಮಕ್ಕಳು ಈ ಹೊತ್ತಿಗೆ ಯಾಕೆ ಅಳುತ್ತಾರೆ ಎಂದು ನನಗೆ ಗೊತ್ತಾಯಿತು. ಮಹಾಕೂಟದಲ್ಲಿ ನನ್ನ ಹೆಂಡತಿ ಅತ್ತಾಗ, ಇಳಕಲ್ಲು ಎಷ್ಟು ದೂರ, ಇದಕ್ಕೆಲ್ಲ ಅಳುತ್ತಾರೇನು ಎಂದು ನಾನು ಸಮಾಧಾನ ಹೇಳಿದ್ದೆ.

ಅಷ್ಟರಲ್ಲಿ ತಮ್ಮ ವಿಡಿಯೊ ಕಾಲ್ ಹಚ್ಚಿದ. ಹೆಂಡತಿ ಆಸ್ಪತ್ರೆಯ ಉಡುಪಿನಲ್ಲೇ ಇದ್ದಳು. ನನ್ನ ಸೊಂಟದ ಗಂಟು ಕಂಡು ಬಾಯಿ ಮುಚ್ಚಿಕೊಂಡು ನಕ್ಕಳು. ಸೊಸೆಯ ಎದುರು ಎರಡು ಮಾತು ನೆಟ್ಟಗೆ ಆಡಿ ಗೊತ್ತಿಲ್ಲದ ನನ್ನ ಅಪ್ಪ ಎದ್ದು ಬಂದು ಫೋನು ಇಸಿದುಕೊಂಡ. ಆಕೆ ತಟ್ಟನೆ ಸೆರಗು ಹೊದೆಯಲು ಕೈ ಎತ್ತಿದಳು. ಸೆರಗಿರಲಿಲ್ಲ, ಕೈ ತಲೆಯ ಮೇಲೇ ನಿಂತಿತು. ಅಪ್ಪನೇ ಮಾತು ತೆಗೆದ.

“ಯವ್ವಾ, ನಮ್ಮ ಹುಡುಗಗ ಏನೂ ಬರಂಗಿಲ್ಲ. ಮುದ್ದಿಲೆ ಬೆಳಿಸೀವಿ. ಒಂದು ಚಾ ಸುದ್ದಾ ಮಾಡಾಕ ಬರೂದಿಲ್ಲ ಅವಂಗ. ಏನರ ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೊಂಡು ಸಂಬಾಳಿಸ್ಕೊಂಡು ಹೋಗವ್ವಾ.”

ಹೆಣ್ಣು ಹೆತ್ತವರು ಬೀಗರ ಮುಂದೆ ಕೈ ಮುಗಿದು ಹೇಳುವ ಮಾತು ಅದು. ಬಾಗಿಲಲ್ಲಿದ್ದ ಗಂಡಸರ ನಗು ನಿಂತಿತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ತನ್ನ ಮಗಳನ್ನು ಕಳಿಸುವಾಗ ಇದೇ ಮಾತನ್ನು ಅವಳ ಮನೆಯವರು ನಮಗೆ ಹೇಳಿದ್ದರು.

“ಚಿಂತಿ ಮಾಡಬ್ಯಾಡ್ರಿ ಮಾವಾರ,” ಅಂದಳು ಹೆಂಡತಿ, ಕೈ ಇನ್ನೂ ತಲೆಯ ಮೇಲೇ ಇಟ್ಟುಕೊಂಡು. “ನಮ್ಮನಿ ಮಗನಂಗ ನೋಡ್ಕೋತೇನಿ.”

ಅಪ್ಪ ಇನ್ನೂ ಫೋನು ಬಿಡಲಿಲ್ಲ. ಇಷ್ಟಕ್ಕೆ ಮುಗಿಸಿದರೆ ಶಾಸ್ತ್ರ ಪೂರ್ತಿಯಾಗುವುದಿಲ್ಲ ಎಂದು ಅವನಿಗೂ ಅನ್ನಿಸಿರಬೇಕು. ನಾಗರ ಪಂಚಮಿಗೆ ಮಾತ್ರ ತಪ್ಪದಂಗ ತವರಿಗೆ ಕಳಿಸಿಕೊಡವ್ವಾ ಅಂದ.

“ಕಳಸ್ತೇನ್ರಿ ಮಾವಾರ,” ಅಂದಳು ಆಕೆ. “ಆದ್ರ ಸುಮ್ಮ ಸುಮ್ಮನ ಕಳಸಂಗಿಲ್ಲ. ಬುತ್ತಿ ಕಟಗೊಂಡು, ಕರಿಯಾಕ ತಮ್ಮ ಬರಬೇಕು.”

ಫೋನು ಹಿಡಿದುಕೊಳ್ಳಲು ಪಕ್ಕದಲ್ಲೇ ನಿಂತಿದ್ದ ನನ್ನ ತಮ್ಮ ಅವ್ವನ ಕಡೆ ತಿರುಗಿದ. “ಹಂಗಾರ ಯವ್ವಾ, ನನ್ನ ವೀಸಾಕ್ಕೂ ಹನುಮಪ್ಪಗ ಇನ್ನೊಂದು ಹರಕಿ ಹೊರು.”